ರೈವಲ್ರಿ ಗೇಮ್ ನಡೆಯೋದು ಡೌಟು ಅಂದಾಗ ಏನು ಮಾಡಬೇಕು?

ನಾನು ಓದಿದ್ದು ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ಬದ್ಧವೈರಿಗಳು ಎದುರಾಗುವ ಪಂದ್ಯವೇ ರೈವಲ್ರಿ ಗೇಮ್, ನಮ್ಮ ವೈರಿ ಮಿಷಿಗನ್. ನವೆಂಬರ್ ಕೊನೆಯ ವಾರ ನಾವು ಮಿಷಿಗನ್ ಹೆಸರನ್ನೇ ಎತ್ತುವುದಿಲ್ಲ, 'ಆ ಉತ್ತರದ ತಂಡ' ಅನ್ನುತ್ತೇವೆ. ಕ್ಯಾಂಪಸ್ಸಿನ ಫಲಕಗಳಲ್ಲಿ 'ಎಂ' ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನ ಗೀಟು ಬೀಳುತ್ತದೆ. ಓದಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಇದೆಲ್ಲ ಹುಚ್ಚಾಟ ಅನಿಸುತ್ತೆ. ಮರುವರ್ಷ ಟೇಪು ಅವರ ಕೈಯಲ್ಲೇ ಇರುತ್ತೆ. ಅಂಥವರಿಂದಲೇ ಫೋನ್ ಬರುವುದು: "ಅಕ್ಕಾ, ಗೇಮ್ ಕ್ಯಾನ್ಸಲ್ ಆಗತ್ತಂತೆ, ಟಿಕೆಟ್ ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ಟಿಕೆಟ್ ವಿಷಯ ಆಮೇಲೆ. ಮೊದಲು ತಿಳಿದುಕೊಳ್ಳಬೇಕಾದದ್ದು, ಪಂದ್ಯ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದು. ಎರಡೂ ತಂಡಗಳು ಒಂದೇ ಕಾನ್ಫರೆನ್ಸಿನವಾದರೆ, ಅಂದರೆ ವಿಶ್ವವಿದ್ಯಾಲಯಗಳ ಒಂದೇ ಲೀಗಿನವಾದರೆ, ವೇಳಾಪಟ್ಟಿ ಕಾನ್ಫರೆನ್ಸಿನದು. ಬೇರೆ ಬೇರೆಯಾದರೆ ಎರಡು ವಿಶ್ವವಿದ್ಯಾಲಯಗಳ ನಡುವೆ ಸಹಿ ಆದ ಕರಾರು ಇರುತ್ತದೆ, ಅದರ ಮೇಲೆ ಕೂತವರು ಅಥ್ಲೆಟಿಕ್ ಡೈರೆಕ್ಟರುಗಳು, ಅಂದರೆ ಆಯಾ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು. ಕೋಚ್ ಪತ್ರಿಕಾಗೋಷ್ಠಿಯಲ್ಲಿ ಗೊಣಗಿದ್ದನ್ನು ತೀರ್ಮಾನ ಅಂದುಕೊಂಡು ರಾತ್ರಿ ನಿದ್ದೆಗೆಡಬೇಡಿ.

ಇನ್ನು ಕಾರಣ. ನನ್ನ ಲೆಕ್ಕದಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ. ಬಿರುಗಾಳಿ, ಕಾಯಿಲೆ, ಯುದ್ಧ ಇವು ಪಂದ್ಯವನ್ನು ಮುಂದೂಡುತ್ತವೆ ಅಥವಾ ಒಂದಷ್ಟು ಕಾಲ ನುಂಗುತ್ತವೆ, ಅಷ್ಟೇ. 1963ರಲ್ಲಿ ಕೆನಡಿ ಹತ್ಯೆಯಾದಾಗ ಭೂಸೇನೆ, ನೌಕಾಪಡೆಗಳ ಅಕಾಡೆಮಿಗಳ ನಡುವಿನ ಆರ್ಮಿ–ನೇವಿ ಪಂದ್ಯ ಡಿಸೆಂಬರ್ 7ಕ್ಕೆ ಹೋಯಿತು, ನೇವಿ 21–15ರಿಂದ ಗೆದ್ದಿತು. 1926ರಲ್ಲಿ ಶುರುವಾದ ನೋಟ್ರ್ ಡೇಮ್–ಯುಎಸ್‌ಸಿ (ದಕ್ಷಿಣ ಕ್ಯಾಲಿಫೋರ್ನಿಯಾ) ಪಂದ್ಯ ಎರಡನೇ ಮಹಾಯುದ್ಧದಲ್ಲಿ 1943ರಿಂದ 45ರವರೆಗೆ ನಡೆಯಲಿಲ್ಲ, 2020ರಲ್ಲೂ ನಡೆಯಲಿಲ್ಲ. ಎರಡು ಸಲವೂ ತಿರುಗಿ ಬಂತು. 2016ರಲ್ಲಿ ಮ್ಯಾಥ್ಯೂ ಚಂಡಮಾರುತದಿಂದ ಫ್ಲೋರಿಡಾ–ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ಪಂದ್ಯ ನಿಂತಾಗ ಎರಡೂ ಕಡೆಯ ಅಭಿಮಾನಿಗಳು 'ಹೆದರಿ ಓಡಿದವರು ನೀವು' ಎಂದು ಒಬ್ಬರಿಗೊಬ್ಬರು ಕೆಸರೆರಚಿದರು. ಕೊನೆಗೆ ಇಬ್ಬರೂ ನವೆಂಬರ್ 19ಕ್ಕೆ ಗೊತ್ತಾಗಿದ್ದ ತಮ್ಮ ಸಣ್ಣ ಪಂದ್ಯಗಳಿಂದ ಹಣ ಕೊಟ್ಟು ಬಿಡಿಸಿಕೊಂಡು ಎಲ್‌ಎಸ್‌ಯು ಊರಾದ ಬ್ಯಾಟನ್ ರೂಜ್‌ನಲ್ಲಿ ಆಡಿದರು. ಸ್ವಂತ ಮೈದಾನ ಬಿಟ್ಟುಕೊಟ್ಟು ಹೋದ ಫ್ಲೋರಿಡಾವೇ 16–10ರಿಂದ ಗೆದ್ದಿತು. ಆ ಆಟದ ಕೊನೆಯ ಗಳಿಗೆ ಈಗಲೂ ಹುಡುಕಿ ನೋಡುವಂಥದ್ದು: ಗೋಲ್ ಲೈನ್ ಪಕ್ಕದಲ್ಲೇ ಎಲ್‌ಎಸ್‌ಯು ಓಟ ನಿಂತುಹೋಯಿತು.

ಕರಾರು ಮುಗಿದೋ, ಒಂದು ತಂಡ ಟಿವಿ ಹಣದ ಹಿಂದೆ ಇನ್ನೊಂದು ಕಾನ್ಫರೆನ್ಸಿಗೆ ಹಾರಿದ್ದರಿಂದಲೋ ನಿಂತ ಪಂದ್ಯದ ಕಥೆಯೇ ಬೇರೆ. ಟೆಕ್ಸಸ್–ಟೆಕ್ಸಸ್ ಎ ಅಂಡ್ ಎಂ 2011ರಲ್ಲಿ ನಿಂತದ್ದು ಮತ್ತೆ ನಡೆದದ್ದು 2024ರಲ್ಲಿ, ಅದೂ ಎ ಅಂಡ್ ಎಂ ಹೋಗಿದ್ದ ಎಸ್‌ಇಸಿ ಕಾನ್ಫರೆನ್ಸಿಗೆ ಟೆಕ್ಸಸ್ ಕೂಡ ಸೇರಿದ ಮೇಲೆ. ಪಿಟ್–ವೆಸ್ಟ್ ವರ್ಜೀನಿಯಾ 2011ರಿಂದ 2022ರವರೆಗೆ ಇರಲಿಲ್ಲ. ಕ್ಯಾನ್ಸಸ್–ಮಿಸೌರಿಗೆ 2025ರ ತನಕ ಕಾಯಬೇಕಾಯಿತು. ಒಂದು ಇಡೀ ತಲೆಮಾರಿನ ವಿದ್ಯಾರ್ಥಿಗಳು ತಮ್ಮ ಬದ್ಧವೈರಿಯನ್ನು ಒಮ್ಮೆಯೂ ನೋಡದೆ ಪದವಿ ತೆಗೆದುಕೊಂಡು ಹೋದರು. ಓಕ್ಲಹೋಮಾದ ಎರಡು ತಂಡಗಳ 'ಬೆಡ್ಲಮ್' 2023ರ ನವೆಂಬರ್‌ನಲ್ಲಿ ನಿಂತಿತು. ಹಾಗಾಗಿ ಚಂಡಮಾರುತ ಬಂದಾಗ ಕೋಪ ಮಾಡಿಕೊಂಡು ದಣಿಯಬೇಡಿ. ಕರಾರು ತೀರುವ ವರ್ಷಕ್ಕೆ ಅದನ್ನು ಇಟ್ಟುಕೊಳ್ಳಿ.

ಆ ಕರಾರು ಓದುವುದು ಹೇಗೆ? ವಿಶ್ವವಿದ್ಯಾಲಯ ಸರ್ಕಾರದ್ದಾಗಿದ್ದರೆ ಆ ರಾಜ್ಯದ ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆಯಡಿ ಸಾಮಾನ್ಯವಾಗಿ ಪ್ರತಿ ಕೇಳಬಹುದು. ಕೆಲವು ರಾಜ್ಯಗಳಲ್ಲಿ ಅಲ್ಲಿನ ನಿವಾಸಿಗಳಿಗಷ್ಟೇ ಆ ಹಕ್ಕು. ಕಾಗದ ಸಿಕ್ಕರೆ ಎರಡು ಕಡೆ ಕಣ್ಣು ಹಾಯಿಸಿ: ಬಿಟ್ಟುಹೋದವರು ಎಷ್ಟು ದಂಡ ಕಟ್ಟಬೇಕು, ಯಾವ ಕಾರಣಕ್ಕೆ ದಂಡವಿಲ್ಲದೆ ಬಿಡಬಹುದು. ನೋಟ್ರ್ ಡೇಮ್, ಯುಎಸ್‌ಸಿ ಖಾಸಗಿಯವು, ಅಲ್ಲಿ ಈ ದಾರಿ ನಡೆಯದು. ಅಥ್ಲೆಟಿಕ್ ಡೈರೆಕ್ಟರ್ ಕಚೇರಿಗೆ ಪತ್ರ ಬರೆಯುವುದಾದರೆ ಚಿಕ್ಕದಾಗಿ ಬರೆಯಿರಿ, ನೀವು ವಿದ್ಯಾರ್ಥಿಯೋ, ಹಳೆ ವಿದ್ಯಾರ್ಥಿಯೋ, ಸೀಸನ್ ಟಿಕೆಟ್ ಇದೆಯೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಹೇಳಿ. ಎದುರಾಳಿ ತಂಡದ ಗೆಳೆಯರಿಗೂ ಬರೆಯಲು ಹೇಳಿ. ವರ್ಷವಿಡೀ ಬೈದಾಡಿದರೂ ಈ ಒಂದು ವಿಷಯದಲ್ಲಿ ಅವರೂ ನಾವೂ ಒಂದೇ ಪಕ್ಷ. ಆಟಗಾರರ ಖಾತೆಗಳಿಗೆ ಮಾತ್ರ ಕೈ ಹಾಕಬೇಡಿ, ಇಪ್ಪತ್ತು ವರ್ಷದ ಮಕ್ಕಳಿಗೆ ಇದರಲ್ಲಿ ಯಾವ ಅಧಿಕಾರವೂ ಇಲ್ಲ.

'ಅವರು ಹೆದರಿಕೊಂಡರು' ಅನ್ನುವ ಮಾತು ಬಂದೇ ಬರುತ್ತದೆ. 2020ರಲ್ಲಿ ನಾವೂ ಅಂದೆವು. ಮಿಷಿಗನ್ ತಂಡದಲ್ಲಿ ಕೋವಿಡ್ ಹಬ್ಬಿ ಡಿಸೆಂಬರ್ 8ರಂದು ಪಂದ್ಯ ರದ್ದಾಯಿತು. 1918ರಿಂದ ಒಂದು ವರ್ಷವೂ ತಪ್ಪದೆ ನಡೆದಿದ್ದ ಆಟ ಅದು. ಗದ್ದಲದ ನಡುವೆ ನಿಜವಾಗಿ ನೋಡಬೇಕಾದ ವಿಷಯ ಬೇರೆ ಇತ್ತು. ಕಾನ್ಫರೆನ್ಸ್ ಫೈನಲ್‌ಗೆ ಕನಿಷ್ಠ 6 ಪಂದ್ಯ ಆಡಿರಬೇಕು ಅನ್ನುವುದು ನಮ್ಮ ಕಾನ್ಫರೆನ್ಸ್ ಬಿಗ್ ಟೆನ್ ಆ ವರ್ಷ ಮಾಡಿದ್ದ ನಿಯಮ, ನಾವು ಆಡಿದ್ದು 5. ಮರುದಿನವೇ ನಿಯಮ ತೆಗೆದುಹಾಕಿದರು. ನಾವು ನಾರ್ತ್‌ವೆಸ್ಟರ್ನ್ ಮೇಲೆ 22–10ರಿಂದ ಗೆದ್ದು, ಮುಂದೆ ರಾಷ್ಟ್ರೀಯ ಫೈನಲ್ ತನಕ ಹೋದೆವು. ನಿಯಮ ಉಳಿದಿದ್ದರೆ ಇಂಡಿಯಾನಾ ಆಡುತ್ತಿತ್ತು, ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲ ಅನ್ನಲಾರೆ. ಅದಕ್ಕೇ ಹೇಳುವುದು, ಪಂದ್ಯ ಅನುಮಾನದಲ್ಲಿದ್ದಾಗ ಕಾನ್ಫರೆನ್ಸಿನ ಟೈಬ್ರೇಕರ್ ನಿಯಮ (ತಂಡಗಳು ಸಮಬಲವಾದಾಗ ಯಾರು ಮುಂದೆ ಅನ್ನುವುದು) ತೆಗೆದು ಓದಿ. ರದ್ದಾದರೆ 'ಆಟವೇ ಇಲ್ಲ' ಎಂದು ಬರೆದುಕೊಳ್ಳುತ್ತಾರೋ, ಒಬ್ಬರಿಗೆ ಸೋಲು ಕಟ್ಟುತ್ತಾರೋ ಎಂಬುದೂ ಅಲ್ಲೇ ಸಿಗಬೇಕು. ಹೆದರಿದರು ಅಂದದ್ದಕ್ಕೆ ಉತ್ತರ ಮರುವರ್ಷ ಮಿಷಿಗನ್ ತಂಡದ ಊರಾದ ಆನ್ ಆರ್ಬರ್‌ನಲ್ಲಿ ಸಿಕ್ಕಿತು, ನಾವು 42–27ರಿಂದ ಸೋತೆವು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಈಗ ಟಿಕೆಟ್. ಮುಂದೂಡಿದರೆ ಸಾಮಾನ್ಯವಾಗಿ ಅದೇ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆ, ಹಣ ವಾಪಸ್ ಇಲ್ಲ. ಪೂರ್ತಿ ರದ್ದಾದರೆ ಕೊಂಡ ಕಡೆಯಿಂದಲೇ ವಾಪಸ್ ಬರಬೇಕು. ಕೈ ಬದಲಾದ ಟಿಕೆಟ್ ಕೊಂಡಿದ್ದರೆ ವಿಶ್ವವಿದ್ಯಾಲಯವನ್ನು ಕೇಳಿ ಪ್ರಯೋಜನವಿಲ್ಲ, ಮಾರಿದ ತಾಣದ ಷರತ್ತೇ ಶಾಸನ. ಹಣವೋ, ಮುಂದಿನ ಖರೀದಿಗೆ ಜಮೆಯೋ ಎಂದು ಕೊಳ್ಳುವ ಮೊದಲೇ ಓದಿ. ಅನುಮಾನದ ಸುದ್ದಿ ಬಂದ ದಿನ ಗಾಬರಿಯಿಂದ ಅಗ್ಗಕ್ಕೆ ಮಾರಬೇಡಿ. ಹೋಟೆಲನ್ನು ರದ್ದು ಮಾಡಲು ಬರುವ ದರದಲ್ಲೇ ಹಿಡಿಯಿರಿ, ನಾಲ್ಕು ಡಾಲರ್ ಹೆಚ್ಚಾದರೂ ಸರಿ.

ಆಟದ ದಿನವೇ ಗುಡುಗು ಸಿಡಿಲು ಬಂದರೆ ಅದು ರದ್ದಲ್ಲ. 8 ಮೈಲಿಯೊಳಗೆ ಮಿಂಚು ಕಂಡರೆ ಆಟ ನಿಲ್ಲಿಸುತ್ತಾರೆ, ಕೊನೆಯ ಮಿಂಚಿನಿಂದ 30 ನಿಮಿಷ ಎಣಿಸುತ್ತಾರೆ, ನಡುವೆ ಇನ್ನೊಂದು ಬಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ. ಗೇಟಿನಿಂದ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರಾ ಎಂದು ಅಲ್ಲಿ ನಿಂತವರನ್ನು ಕೇಳಿಯೇ ಹೆಜ್ಜೆ ಇಡಿ, ಫೋನ್ ಚಾರ್ಜ್ ಇರಲಿ. ಟಿಕೆಟ್ ಅದರಲ್ಲೇ ಇರುವುದು.