ಶಾಲೆಯ ಬ್ಯಾಂಡ್‌ಗೆ ಹೊರಟ ಮಗು: ಮನೆಯವರ ಪಾಲಿನ ಕೆಲಸಗಳು

ಬ್ಯಾಂಡ್‌ಗೋ ಆರ್ಕೆಸ್ಟ್ರಾಕ್ಕೋ ಸೇರುತ್ತೇನೆ ಎಂದು ಮಗು ಶಾಲೆಯಿಂದ ಚೀಟಿ ಹಿಡಿದು ಬಂದಾಗ ಬಹಳಷ್ಟು ಅಪ್ಪ–ಅಮ್ಮಂದಿರು ಹಿಂಜರಿಯುತ್ತಾರೆ. ‘ನಮಗೆ ಸಂಗೀತದ ಗಂಧಗಾಳಿ ಇಲ್ಲ, ನಾವೇನು ಹೇಳಿಕೊಡೋದು?’ ಎನ್ನುತ್ತಾರೆ. ಹೇಳಿಕೊಡಲು ಶಿಕ್ಷಕರಿದ್ದಾರೆ. ಮನೆಯವರ ಪಾಲಿಗೆ ಉಳಿಯುವುದು ಎರಡೇ ಕೆಲಸ: ಕೆಟ್ಟಿರದ, ಮೈಗೊಪ್ಪುವ ವಾದ್ಯ ಮಗುವಿನ ಕೈಸೇರಬೇಕು ಮತ್ತು ಅದು ದಿನವೂ ಪೆಟ್ಟಿಗೆಯಿಂದ ಹೊರಬರಬೇಕು. ‘ನನ್ನ ಕೈಲಾಗಲ್ಲ’ ಎಂದು ಮೊದಲ ವರ್ಷವೇ ಬಿಟ್ಟುಬಿಡುವ ಎಷ್ಟೋ ಮಕ್ಕಳ ಕೈಯಲ್ಲಿ ಇರುವುದು ಗಾಳಿ ಸೋರುವ ಕ್ಲಾರಿನೆಟ್, ಅಳತೆ ಮೀರಿದ ವಯಲಿನ್ ಅಥವಾ ಅಂಚು ಸೀಳಿದ ರೀಡ್ (ಊದಿದಾಗ ನಡುಗಿ ದನಿ ಹೊರಡಿಸುವ ತೆಳು ಪಟ್ಟಿ). ಸ್ವರ ಹೊರಡದಿದ್ದಾಗ ಮಗುವನ್ನು ಬಯ್ಯುವ ಮೊದಲು ವಾದ್ಯವನ್ನು ಅನುಮಾನಿಸಿ. ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ವಿಸ್ತರಣೆಯೇ.

ಮೊದಲು ಕೇಳಿಸಿ, ಆಮೇಲೆ ಆರಿಸಿ

ಮಕ್ಕಳು ವಾದ್ಯವನ್ನು ಆರಿಸುವುದು ಹೆಚ್ಚಾಗಿ ಕಣ್ಣಿನಿಂದ. ಹೊಳೆಯುವ ಸ್ಯಾಕ್ಸೊಫೋನ್, ಅಬ್ಬರದ ಡ್ರಮ್ ತಕ್ಷಣ ಸೆಳೆಯುತ್ತವೆ. ಆದರೆ ದಿನವೂ ಕಿವಿಯ ಪಕ್ಕದಲ್ಲೇ ಮೊಳಗುವುದು ಆ ವಾದ್ಯದ ದನಿ. ಅದು ಇಷ್ಟವಾಗದಿದ್ದರೆ ಅಭ್ಯಾಸ ಸಾಗುವುದಿಲ್ಲ. ಹಾಗಾಗಿ ಚೀಟಿಗೆ ಸಹಿ ಹಾಕುವ ಮೊದಲು ಒಂದೆರಡು ಸಂಜೆ ಕೂತು ಕೇಳಿಸಿ. ಸರ್ಗೈ ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗೆಂದೇ ರಚಿಸಿದ ‘ಪೀಟರ್ ಆ್ಯಂಡ್ ದಿ ವುಲ್ಫ್’ ಇದಕ್ಕೆ ಹೇಳಿಮಾಡಿಸಿದ್ದು. ಅದರಲ್ಲಿ ಹಕ್ಕಿಗೆ ಫ್ಲೂಟ್, ಬಾತುಕೋಳಿಗೆ ಓಬೊ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್, ಹುಡುಗ ಪೀಟರನಿಗೆ ತಂತಿವಾದ್ಯಗಳು. ಕೇಳಿ ಮುಗಿದ ಮೇಲೆ ‘ಇವರಲ್ಲಿ ಯಾರ ದನಿ ನಿನ್ನದಾಗಬೇಕು?’ ಎಂದು ಕೇಳಿನೋಡಿ. ಬರುವ ಉತ್ತರ ಅನೇಕ ಸಲ ಚೀಟಿಯಲ್ಲಿ ಗೀಚಿದ್ದಕ್ಕಿಂತ ಬೇರೆಯೇ ಆಗಿರುತ್ತದೆ.

ಒಂದೇ ವಾದ್ಯಕ್ಕೆ ಪಟ್ಟು ಹಿಡಿಯದೆ ಎರಡು ಮೂರು ಆಯ್ಕೆ ಬರೆದುಕೊಡಿ. ಇಪ್ಪತ್ತು ಸ್ಯಾಕ್ಸೊಫೋನ್ ಸೇರಿದರೆ ಬ್ಯಾಂಡ್ ಆಗದು. ಟ್ಯೂಬಾ, ವಯೋಲಾಗಳಿಗೂ ಶಿಕ್ಷಕರು ಯಾರನ್ನಾದರೂ ಹುಡುಕಲೇಬೇಕು. ಹುಡುಗಿಗೆ ಫ್ಲೂಟ್, ಹುಡುಗನಿಗೆ ಡ್ರಮ್ ಎಂಬ ಹಂಚಿಕೆಯನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಹಲ್ಲು, ಬೆರಳು, ತೋಳು

ವಾದ್ಯ ಮೈಗೆ ಹೊಂದಬೇಕು. ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯಗಳಲ್ಲಿ ತುಟಿಗೆ ಆಸರೆ ಕೊಡುವುದು ಮುಂದಿನ ಹಲ್ಲುಗಳು. ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಲ್ಲಿ ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ, ಅಂದರೆ ಬಾಯಿಗಿಟ್ಟು ಊದುವ ತುಂಡಿನ ಮೇಲೆ, ಕೂರುತ್ತದೆ. ಹಾಲುಹಲ್ಲು ಬಿದ್ದು ಮುಂಭಾಗ ಬರಿದಾಗಿದ್ದರೆ ಗಟ್ಟಿ ಹಲ್ಲು ಬರುವವರೆಗೆ ಕಾಯುವುದೇ ಸರಿ. ಬ್ಯಾಂಡ್ ತರಗತಿಗಳು ಸಾಮಾನ್ಯವಾಗಿ ಒಂಬತ್ತು–ಹತ್ತರ ವಯಸ್ಸಿಗೆ ಶುರುವಾಗುವುದಕ್ಕೆ ಇದೂ ಒಂದು ಕಾರಣ. ಹಲ್ಲಿಗೆ ಕ್ಲಿಪ್ ಹಾಕಿಸಿದ್ದರೆ ಹೆದರಬೇಕಾಗಿಲ್ಲ. ಹಿತ್ತಾಳೆ ವಾದ್ಯ ಊದುವವರಿಗೆ ಮೊದಲ ಕೆಲವು ವಾರ ತುಟಿ ನೋಯಬಹುದು. ಶಿಕ್ಷಕರಿಗೂ ದಂತವೈದ್ಯರಿಗೂ ಮೊದಲೇ ತಿಳಿಸಿದರೆ ಸಾಕು.

ಕ್ಲಾರಿನೆಟ್‌ನ ತೂತುಗಳನ್ನು ಬೆರಳ ತುದಿಯೇ ಪೂರ್ತಿ ಮುಚ್ಚಬೇಕು. ತೀರಾ ಪುಟ್ಟ ಬೆರಳಾದರೆ ಅಂಚಿನಲ್ಲಿ ಗಾಳಿ ನುಸುಳಿ ದನಿ ಕೀರಲಾಗುತ್ತದೆ. ಫ್ಲೂಟ್‌ಗೆ ತೋಳು ಎಟುಕದಿದ್ದರೆ ತಲೆಭಾಗ ಬಾಗಿರುವ ಮಾದರಿ ಸಿಗುತ್ತದೆ. ಟ್ರೊಂಬೋನ್‌ನ ಜಾರುಕೊಳವೆಯ ಏಳು ಸ್ಥಾನಗಳಲ್ಲಿ ಕೊನೆಯದಕ್ಕೆ ಮಗುವಿನ ಕೈ ಚಾಚದಿದ್ದರೂ ಚಿಂತೆಯಿಲ್ಲ, ಮೊದಲ ಪಾಠಗಳಲ್ಲಿ ಅದರ ಅಗತ್ಯ ಬೀಳುವುದೇ ಅಪರೂಪ. ಓಬೊ, ಬಸೂನ್‌ಗಳನ್ನು ಹಲವು ಶಿಕ್ಷಕರು ಮೊದಲ ವರ್ಷ ಕೊಡುವುದಿಲ್ಲ. ಬೇರೆ ವಾದ್ಯದಲ್ಲಿ ಉಸಿರು ಪಳಗಿದ ಮೇಲೆ ಅವುಗಳಿಗೆ ಬರುವುದು ಸುಲಭ.

ವಯಲಿನ್ ವಿಚಾರದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಬೆಳೆಯುವ ಮಗು ಎಂದು ಬಟ್ಟೆಯನ್ನು ಒಂದು ಅಳತೆ ದೊಡ್ಡದು ತಂದಂತೆ ವಯಲಿನ್ ತರುತ್ತಾರೆ. ದೊಡ್ಡ ವಯಲಿನ್ ಹಿಡಿದ ಮಗು ಭುಜ ಎತ್ತುತ್ತದೆ, ಮಣಿಕಟ್ಟು ಮಡಚುತ್ತದೆ, ಕುತ್ತಿಗೆ ನೋವು ಎನ್ನುತ್ತದೆ. ಆ ಕೆಟ್ಟ ಹಿಡಿತ ಮೈಗೆ ಅಂಟಿದರೆ ಬಿಡಿಸಲು ವರ್ಷಗಳು ಬೇಕು. ವಯಲಿನ್ 1/16ರಿಂದ 1/8, 1/4, 1/2, 3/4, ಕೊನೆಗೆ 4/4ರವರೆಗೆ ಹಲವು ಅಳತೆಗಳಲ್ಲಿ ಬರುವುದೇ ಇದಕ್ಕಾಗಿ. ಗದ್ದದ ಕೆಳಗೆ ವಯಲಿನ್ ಇಟ್ಟು ಎಡಗೈಯನ್ನು ಅದರುದ್ದಕ್ಕೂ ಪೂರ್ತಿ ಚಾಚಲು ಹೇಳಿ. ವಯಲಿನ್‌ನ ಸುರುಳಿ ತುದಿ ಅಂಗೈ ನಡುವಿಗೆ ಬಂದು, ಬೆರಳು ಮಡಚಿ ಹಿಡಿಯುವಾಗ ಮೊಣಕೈ ತುಸು ಬಾಗಿದ್ದರೆ ಅಳತೆ ಸರಿ. ತುದಿ ಬೆರಳುಗಳಾಚೆ ಹೋದರೆ ಒಂದು ಅಳತೆ ಚಿಕ್ಕದನ್ನು ಕೇಳಿ.

ಬಾಡಿಗೆಯೋ ಸ್ವಂತದ್ದೋ

ಮೊದಲ ವರ್ಷ ಬಾಡಿಗೆಗೇ ನನ್ನ ಮತ. ಮಗುವಿನ ಮನಸ್ಸೂ ಬದಲಾಗಬಹುದು, ತೋಳಂತೂ ಬೆಳೆಯುತ್ತದೆ. ಕರಾರಿನಲ್ಲಿ ರಿಪೇರಿ ಸೇರಿದೆಯೇ, ಅಳತೆ ಬದಲಿಸಿಕೊಡುತ್ತಾರೆಯೇ, ಕಟ್ಟಿದ ಬಾಡಿಗೆ ಮುಂದೆ ಖರೀದಿಗೆ ಜಮೆಯಾಗುತ್ತದೆಯೇ ಎಂದು ಓದಿನೋಡಿ.

ಹಳೆಯದನ್ನು ಕೊಳ್ಳುವುದಾದರೆ ಶಿಕ್ಷಕರಿಗೋ ರಿಪೇರಿಯವರಿಗೋ ತೋರಿಸದೆ ಹಣ ಕೊಡಬೇಡಿ. ನೀವೇ ಮಾಡಿನೋಡಬಹುದಾದ ಪರೀಕ್ಷೆಗಳೂ ಇವೆ. ಕ್ಲಾರಿನೆಟ್‌ನ ಮೇಲಿನ ತುಂಡನ್ನು ತೆಗೆದುಕೊಂಡು ತೂತುಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ ಹಿಡಿದು, ಮೇಲ್ತುದಿಯಿಂದ ಗಾಳಿ ಹೀರಿ. ಒಳಗಿನ ಸೆಳೆತ ಒಂದೆರಡು ಕ್ಷಣವಾದರೂ ನಿಲ್ಲಬೇಕು. ಎಷ್ಟು ಹೀರಿದರೂ ಗಾಳಿ ಸುಮ್ಮನೆ ಬರುತ್ತಿದ್ದರೆ ಕೀಲಿಯ ಕೆಳಗೆ ತೂತು ಮುಚ್ಚುವ ಯಾವುದೋ ಮೆತ್ತೆ (ಪ್ಯಾಡ್) ಸೋರುತ್ತಿದೆ ಎಂದರ್ಥ. ಅಂಥ ವಾದ್ಯದಲ್ಲಿ ಕೆಳಸ್ವರ ಹೊರಡಿಸಲು ಪಳಗಿದವರೂ ತಿಣುಕಬೇಕಾಗುತ್ತದೆ. ಟ್ರಂಪೆಟ್ ಆದರೆ ಬೆರಳಿನಿಂದ ಒತ್ತುವ ಮೂರೂ ಗುಂಡಿಗಳನ್ನು (ವಾಲ್ವ್) ಒತ್ತಿ ಬಿಡಿ, ಚಟ್ಟನೆ ಮೇಲೇಳಬೇಕು. ಮೌತ್‌ಪೀಸ್ ಕೈಯಲ್ಲೇ ಬಿಚ್ಚಿಬರಬೇಕು.

ಆಟಿಕೆಯ ದರದಲ್ಲಿ ಸಿಗುವ ಬಣ್ಣಬಣ್ಣದ ಹೊಸ ವಾದ್ಯಗಳಿಂದ ದೂರವಿರಿ. ಕೀಲಿಗಳ ಲೋಹ ಮೆತ್ತಗಿದ್ದು ಬೇಗ ಬಾಗುತ್ತದೆ, ಬಿಡಿಭಾಗ ಸಿಗುವುದಿಲ್ಲ. ರಿಪೇರಿಯವರು ಅವನ್ನು ಮುಟ್ಟಲೂ ಒಪ್ಪುವುದು ಕಡಿಮೆ.

ಸಣ್ಣ ಸಾಮಾನು, ದೊಡ್ಡ ತೊಂದರೆ

ಹೊಸ ವಯಲಿನ್ ಮನೆಗೆ ಬರುತ್ತದೆ. ಮಗು ಕಮಾನು ಎಳೆದರೆ ಉಸಿರಾಡಿದಷ್ಟೂ ಸದ್ದಿಲ್ಲ. ಗಾಬರಿಯಾಗಬೇಡಿ. ಕಮಾನಿನ ಕುದುರೆಕೂದಲಿಗೆ ರೋಸಿನ್ ಎಂಬ ರಾಳ ಹಚ್ಚಿದರೆ ಮಾತ್ರ ಅದು ತಂತಿಯನ್ನು ಹಿಡಿದು ನಡುಗಿಸುತ್ತದೆ. ಹೊಸ ಕಮಾನಿಗೆ ಧಾರಾಳವಾಗಿ ಹಚ್ಚಬೇಕು. ಹೊಸ ರಾಳದ ಮೈ ಗಾಜಿನಷ್ಟು ನುಣುಪಾಗಿದ್ದು ಕೂದಲಿಗೆ ಅಂಟುವುದೇ ಇಲ್ಲ. ನಯವಾದ ಉಜ್ಜುಕಾಗದದಿಂದ ಮೇಲ್ಮೈಯನ್ನು ತುಸು ಕೆರೆದು ಪುಡಿ ಎಬ್ಬಿಸಿ, ಆಮೇಲೆ ಕಮಾನು ಉಜ್ಜಿ. ಕೂದಲನ್ನು ಬೆರಳಿನಿಂದ ಮುಟ್ಟಬಾರದು, ಚರ್ಮದ ಜಿಡ್ಡು ತಗುಲಿದ ಕಡೆ ರಾಳ ನಿಲ್ಲುವುದಿಲ್ಲ.

ರೀಡ್ ಕೂಡ ಹೀಗೇ ಸತಾಯಿಸುತ್ತದೆ. ಜೊಂಡಿನ ಜಾತಿಯ ಗಿಡದ ದಂಟಿನಿಂದ ಕೊಯ್ದ ಈ ಪಟ್ಟಿಯ ತುದಿ ತೀರಾ ತೆಳು. ಅಂಗಿಯ ತೋಳಿಗೆ ತಗುಲಿದರೂ ಸೀಳುತ್ತದೆ. ಹೊಸಬರಿಗೆ ಸಾಮಾನ್ಯವಾಗಿ 2 ಅಥವಾ 2½ರ ಬಿರುಸಿನ ರೀಡ್ ಹೇಳುತ್ತಾರೆ. ಒಂದನ್ನೇ ಸವೆಸದೆ ಮೂರು ನಾಲ್ಕನ್ನು ಸರದಿಯಲ್ಲಿ ಬಳಸಲಿ. ಊದುವ ಮೊದಲು ಬಾಯಲ್ಲಿಟ್ಟು ಒದ್ದೆ ಮಾಡಿ, ಮುಗಿದ ಮೇಲೆ ಕಳಚಿ ಡಬ್ಬಿಗೆ ಹಾಕಲಿ. ನಿನ್ನೆ ಚೆನ್ನಾಗಿ ಊದಿದ ಮಗಳು ಇಂದು ಬರೀ ಕೀಚಲು ದನಿ ಹೊರಡಿಸುತ್ತಿದ್ದರೆ ಮೊದಲು ರೀಡನ್ನು ಬೆಳಕಿಗೆ ಹಿಡಿದು ನೋಡಿ.

ಹಿತ್ತಾಳೆಯ ವಾದ್ಯಕ್ಕೆ ವಾಲ್ವ್ ಎಣ್ಣೆ, ಎಲ್ಲರಿಗೂ ಒಂದು ಮ್ಯೂಸಿಕ್ ಸ್ಟ್ಯಾಂಡ್, ಮತ್ತೆ ಪೆನ್ಸಿಲ್. ಶಿಕ್ಷಕರು ಹೇಳಿದ್ದನ್ನು ಅಲ್ಲಲ್ಲೇ ಗುರುತು ಹಾಕಿಕೊಳ್ಳದ ಮಗು ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಮೊದಲ ದಿನಗಳು

ಪೆಟ್ಟಿಗೆಯನ್ನು ನೆಲದ ಮೇಲಿಟ್ಟೇ ತೆರೆಯಬೇಕು, ತೊಡೆಯ ಮೇಲಲ್ಲ. ಮೊದಲಿಗೆ ಪೂರ್ತಿ ವಾದ್ಯ ಜೋಡಿಸುವ ಆತುರ ಬೇಡ. ಫ್ಲೂಟ್‌ನ ತಲೆಭಾಗ ಮಾತ್ರ, ಟ್ರಂಪೆಟ್‌ನ ಮೌತ್‌ಪೀಸ್ ಮಾತ್ರ ಹಿಡಿದು ದನಿ ಹೊರಡಿಸುವುದೇ ಮೊದಲ ಪಾಠ. ಫ್ಲೂಟ್ ಊದುವಾಗ ತಲೆ ಸುತ್ತಿದಂತಾದರೆ ಒಂದು ನಿಮಿಷ ಕೂತು ಸುಧಾರಿಸಿಕೊಳ್ಳಲಿ, ಕೆಲವೇ ದಿನಗಳಲ್ಲಿ ಉಸಿರು ಹದಕ್ಕೆ ಬರುತ್ತದೆ. ಹಿಡಿಯುವ ಕ್ರಮವನ್ನು ಶಿಕ್ಷಕರಿಂದಲೇ ಕಲಿಯಲಿ, ವಿಡಿಯೊಗಳು ಆಮೇಲೆ.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಈ ಮಾತು ನೆನಪಿಡಿ. ಮಗು ಕ್ಲಾರಿನೆಟ್‌ನಲ್ಲಿ ‘ಸಿ’ ಎಂಬ ಸ್ವರ ಊದುತ್ತದೆ, ಅಣ್ಣ ಕೀಬೋರ್ಡಿನಲ್ಲಿ ‘ಸಿ’ ಒತ್ತುತ್ತಾನೆ, ಎರಡೂ ಕೂಡುವುದಿಲ್ಲ. ‘ನೀನು ತಪ್ಪು’ ಎಂಬ ತೀರ್ಪು ಬಂದುಬಿಡುತ್ತದೆ. ಇಬ್ಬರೂ ಸರಿ! ಬ್ಯಾಂಡಿನ ಸಾಮಾನ್ಯ ಕ್ಲಾರಿನೆಟ್, ಟ್ರಂಪೆಟ್‌ಗಳು ‘ಬಿ ಫ್ಲಾಟ್’ ವಾದ್ಯಗಳು. ಅವುಗಳಲ್ಲಿ ‘ಸಿ’ ಎಂದು ಬರೆದದ್ದನ್ನು ನುಡಿಸಿದರೆ ಕೇಳುವುದು ಕೀಬೋರ್ಡಿನ ‘ಬಿ ಫ್ಲಾಟ್’. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ‘ಇ ಫ್ಲಾಟ್’, ಹಾರ್ನ್‌ನಲ್ಲಿ ‘ಎಫ್’ ಕೇಳುತ್ತದೆ. ಶ್ರುತಿ ನೋಡುವ ಫೋನಿನ ಟ್ಯೂನರ್ ಆ್ಯಪ್ ತೋರಿಸುವುದೂ ಆ ಕೇಳುವ ಸ್ವರವನ್ನೇ. ಟ್ರಂಪೆಟ್‌ನಲ್ಲಿ ಇನ್ನೊಂದು ತೊಡಕಿದೆ. ಒಂದು ವಾಲ್ವನ್ನೂ ಒತ್ತದೆ, ತುಟಿಯ ಬಿಗಿ ಬದಲಿಸಿಯೇ ‘ಸಿ’, ‘ಜಿ’, ಮೇಲಿನ ‘ಸಿ’ ಹೊರಡಿಸಬಹುದು. ಬೆರಳು ಸರಿಯಿದ್ದೂ ಸ್ವರ ತಪ್ಪಿದರೆ ಅದು ಅಜಾಗರೂಕತೆಯಲ್ಲ, ತುಟಿ ಇನ್ನೂ ದಾರಿ ಹುಡುಕುತ್ತಿದೆ ಅಷ್ಟೆ.

ದಿನಕ್ಕೆ ಹದಿನೈದು ನಿಮಿಷ

ರಜಾದಿನ ಒಂದೇ ಸಲಕ್ಕೆ ಎರಡು ಗಂಟೆ ಕೂರಿಸುವುದಕ್ಕಿಂತ ದಿನವೂ ಹತ್ತು ಹದಿನೈದು ನಿಮಿಷ ಮೇಲು. ತುಟಿಯ ಸ್ನಾಯು ಬೇಗ ದಣಿಯುತ್ತದೆ, ದಣಿದ ಮೇಲೆ ಊದಿದ್ದು ಕೆಟ್ಟ ಅಭ್ಯಾಸವಾಗಿ ಕೂರುತ್ತದೆ. ಹೊತ್ತು ನಿಗದಿಯಾಗಿರಲಿ: ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ, ಅಥವಾ ಹೋಮ್‌ವರ್ಕ್‌ಗೆ ಕೂರುವ ಮುನ್ನ. ವಾದ್ಯ ಕಪಾಟಿನೊಳಗೆ ಸೇರಿದರೆ ಕೈಗೆ ಬರುವುದಿಲ್ಲ, ಸ್ಟ್ಯಾಂಡಿನ ಪಕ್ಕದಲ್ಲೇ ಸುರಕ್ಷಿತ ಜಾಗ ಮಾಡಿಕೊಡಿ.

ಹಾಡನ್ನು ಮೊದಲಿಂದ ಕೊನೆಯವರೆಗೆ ಓಡಿಸಿ, ತಪ್ಪಿದ ಕಡೆ ಮುಗ್ಗರಿಸಿ, ಮತ್ತೆ ಮೊದಲಿಂದ ಶುರುಮಾಡುವುದು ಎಲ್ಲ ಮಕ್ಕಳ ರೂಢಿ. ಹಾಗೆ ಮಾಡಿದರೆ ಮೊದಲ ಸಾಲು ಮಾತ್ರ ಬಾಯಿಪಾಠವಾಗುತ್ತದೆ. ಎಡವುವ ಎರಡು ಸಾಲನ್ನಷ್ಟೇ ತೆಗೆದು, ಟಕ್ ಟಕ್ ಎಂದು ಲಯ ತೋರಿಸುವ ಮೆಟ್ರೊನೋಮ್‌ನ ನಿಧಾನ ಲಯದಲ್ಲಿ ಮೂರು ಸಲ ಸರಿಯಾಗಿ ನುಡಿಸಿ, ಆಮೇಲೆ ಹಿಂದುಮುಂದಿನ ಸಾಲಿಗೆ ಸೇರಿಸಲಿ. ಕೊನೆಗೆ ಚೆನ್ನಾಗಿ ಬರುವ ಒಂದನ್ನು ನುಡಿಸಿಯೇ ವಾದ್ಯ ಒಳಗಿಡಲಿ.

ನೀವು ಅದೇ ಕೋಣೆಯಲ್ಲಿ ಇದ್ದರೆ ಸಾಕು, ಫೋನ್ ಕೆಳಗಿಟ್ಟು. ‘ಇವತ್ತು ಟೀಚರ್ ಏನು ಹೇಳಿಕೊಟ್ಟರು?’, ‘ಆ ಕೊನೇ ಸಾಲು ಇನ್ನೊಂದ್ಸಲ ನುಡಿಸು, ಕೇಳೋಣ’ ಎಂಬ ಮಾತು ‘ಚೆನ್ನಾಗಿದೆ’ ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕೇಳಿದ್ದು ಹಾಡಿನಂತೆ ಇಲ್ಲವೆನಿಸಬಹುದು. ಎರಡನೇ ಕ್ಲಾರಿನೆಟ್‌ನದೋ ಟ್ಯೂಬಾದ್ದೋ ಪಾಲು ಒಂಟಿಯಾಗಿ ಕೇಳಿದರೆ ಯಾವತ್ತೂ ಅರ್ಧಂಬರ್ಧವೇ. ಎಂಟು ಎಣಿಕೆ ಮೌನ, ನಾಲ್ಕು ಸ್ವರ, ಮತ್ತೆ ಮೌನ. ಆ ಮೌನವನ್ನು ತಪ್ಪದೆ ಎಣಿಸುವುದೂ ವಿದ್ಯೆಯೇ. ಪಾಠದ ಪುಸ್ತಕದ ಜೊತೆ ಪೂರ್ತಿ ಬ್ಯಾಂಡಿನ ರೆಕಾರ್ಡಿಂಗ್ ಸಿಕ್ಕರೆ ಅದನ್ನು ಹಾಕಿ ಜೊತೆಗೆ ನುಡಿಸಲು ಬಿಡಿ, ತನ್ನ ನಾಲ್ಕು ಸ್ವರ ಎಲ್ಲಿ ಕೂರುತ್ತದೆಂದು ಮಗುವಿಗೆ ಗೊತ್ತಾದಾಗ ಮುಖವೇ ಅರಳುತ್ತದೆ.

ಸದ್ದಿನ ಚಿಂತೆಯಿದ್ದರೆ ಡ್ರಮ್‌ಗೆ ರಬ್ಬರಿನ ಪ್ರಾಕ್ಟೀಸ್ ಪ್ಯಾಡ್, ಟ್ರಂಪೆಟ್‌ನ ಬಾಯಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಮ್ಯೂಟ್ ಇದೆ. ಚಿಕ್ಕ ಕೋಣೆಯಲ್ಲಿ ಡ್ರಮ್ ಬಾರಿಸುವ ಮಗುವಿನ ಕಿವಿಗೆ ರಕ್ಷಣೆ ಕಡ್ಡಾಯ.

ಜೋಪಾನ

ಊದುವ ಮೊದಲು ಸಿಹಿ ತಿಂದಿದ್ದರೆ ಬಾಯಿ ಮುಕ್ಕಳಿಸಲಿ, ಇಲ್ಲದಿದ್ದರೆ ಪ್ಯಾಡ್‌ಗಳು ಅಂಟುತ್ತವೆ. ಮುಗಿದ ಮೇಲೆ ಒಳಗಿನ ತೇವ ಒರೆಸಬೇಕು, ಕಮಾನನ್ನು ಸಡಿಲಿಸಬೇಕು, ತಂತಿಯ ಕೆಳಗಿನ ರಾಳದ ಪುಡಿ ಒರೆಸಬೇಕು. ಟ್ರಂಪೆಟ್ ತೊಳೆಯಲು ಉಗುರುಬೆಚ್ಚಗಿನ ನೀರೇ ಸಾಕು, ಬಿಸಿನೀರಿಗೆ ಮೇಲಿನ ಲೇಪ ಏಳುತ್ತದೆ. ಮೌತ್‌ಪೀಸ್ ಕಚ್ಚಿಕೊಂಡರೆ ಇಕ್ಕಳ ಹಾಕಬೇಡಿ, ಅದಕ್ಕೆಂದೇ ಇರುವ ಸಲಕರಣೆ ರಿಪೇರಿಯವರ ಬಳಿ ಇರುತ್ತದೆ. ವಯಲಿನ್ ತಂತಿಗಳನ್ನು ಒಟ್ಟಿಗೆ ಬಿಚ್ಚಿದರೆ ತಂತಿಗಳನ್ನು ಹೊತ್ತ ಮರದ ‘ಕುದುರೆ’ಯೂ (ಬ್ರಿಜ್) ಒಳಗಿನ ಪುಟ್ಟ ಕಂಬವೂ ಬಿದ್ದುಹೋಗಬಹುದು, ಒಂದೊಂದಾಗಿ ಬದಲಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವ ವಾದ್ಯವನ್ನೂ ಬಿಡಬೇಡಿ.

ಬಿಡುತ್ತೇನೆ ಎಂದಾಗ

ಹೊಸತರ ಹುರುಪು ಕೆಲವು ತಿಂಗಳಲ್ಲಿ ಇಳಿಯುತ್ತದೆ, ಅದೂ ಪಾಠ ಕಠಿಣವಾಗುವ ತಿರುವಿನಲ್ಲೇ. ಕ್ಲಾರಿನೆಟ್‌ನಲ್ಲಿ ಒಂದೇ ಬೆರಳಿನ ‘ಎ’ಯಿಂದ ಮುಂದಿನ ‘ಬಿ’ಗೆ ಹೋಗುವಾಗ ಎಲ್ಲ ತೂತುಗಳನ್ನೂ ಒಮ್ಮೆಲೇ ಮುಚ್ಚಬೇಕು, ಅಲ್ಲಿ ಬಹುತೇಕ ಎಲ್ಲರೂ ಒದ್ದಾಡುತ್ತಾರೆ. ಕೆಟ್ಟ ದಿನದ ಸಂಜೆ ತೀರ್ಮಾನ ಮಾಡಬೇಡಿ. ಸೇರುವಾಗಲೇ ‘ವರ್ಷಾಂತ್ಯದ ಕಾರ್ಯಕ್ರಮದವರೆಗೆ ಬಿಡುವ ಮಾತಿಲ್ಲ’ ಎಂದು ಒಪ್ಪಂದ ಮಾಡಿಕೊಂಡಿದ್ದರೆ ಈಗ ಅನುಕೂಲ. ವಾದ್ಯವನ್ನು ಒಮ್ಮೆ ರಿಪೇರಿಯವರಿಗೆ ತೋರಿಸಿ, ಪಕ್ಕದಲ್ಲಿ ಕೂರುವವರ ಜೊತೆ ಮುನಿಸಿದೆಯೇ ಎಂದು ಕೇಳಿ, ಶಿಕ್ಷಕರೊಡನೆ ಮಾತಾಡಿ. ಎಷ್ಟೋ ಸಲ ವಾದ್ಯ ಬದಲಿಸಿದರೆ ಸಾಕಾಗುತ್ತದೆ. ಕ್ಲಾರಿನೆಟ್‌ನಿಂದ ಸ್ಯಾಕ್ಸೊಫೋನ್‌ಗೆ, ಟ್ರಂಪೆಟ್‌ನಿಂದ ಯೂಫೋನಿಯಮ್‌ಗೆ, ವಯಲಿನ್‌ನಿಂದ ವಯೋಲಾಕ್ಕೆ ಹೋದ ಮಗು ಕಲಿತದ್ದರಲ್ಲಿ ಬಹುಪಾಲನ್ನು ಜೊತೆಗೇ ಒಯ್ಯುತ್ತದೆ.

ಮೊದಲ ಕಾರ್ಯಕ್ರಮದ ದಿನ ಪೆಟ್ಟಿಗೆಯಲ್ಲಿ ಎರಡು ಒಳ್ಳೆಯ ರೀಡ್ ಅಥವಾ ಒಂದು ಹೆಚ್ಚುವರಿ ತಂತಿ ಇಡಿ. ನಡುವೆ ದಾರಿ ತಪ್ಪಿದರೆ ಏನು ಮಾಡಬೇಕೆಂದು ಹಿಂದಿನ ಸಂಜೆಯೇ ಹೇಳಿಕೊಡಿ: ವಾದ್ಯ ಕೆಳಗಿಳಿಸದೆ, ಅಕ್ಕಪಕ್ಕದವರನ್ನು ಕೇಳಿಸಿಕೊಳ್ಳುತ್ತಾ, ಸ್ವರಹಾಳೆಯಲ್ಲಿ ಮುಂದಿನ ಭಾಗದ ಶುರುವನ್ನು ತೋರಿಸುವ ಗುರುತಿನ ಅಕ್ಷರ ಬಂದಾಗ ಅವರೊಟ್ಟಿಗೆ ಸೇರಿಕೊಂಡರಾಯಿತು.