ಇಬ್ಬರು ಸೇರಿ ಕಟ್ಟಿದ ಮಾತನ್ನು ಬರೆದಿಡುವುದು ಹೇಗೆ?

ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುವವರು ನಮ್ಮ ಕಾಸರಗೋಡಿನಲ್ಲೂ ಈಗ ಇದ್ದಾರೆ. ನನಗೆ ತುಂಬಾ ಸಂತೋಷ. ಆದರೆ ಬರೆದಿಡುವಾಗ ಒಂದು ಅನ್ಯಾಯ ಆಗುತ್ತದೆ. ಅಜ್ಜ ಶುರು ಮಾಡಿ ಅಜ್ಜಿ ಮುಗಿಸಿದ ವಾಕ್ಯ ಪೂರ್ತಿ ಅಜ್ಜನ ಹೆಸರಿಗೆ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಒಪ್ಪಿಗೆ ಕೇಳಿ. ಸಂದರ್ಶನ ಬೇಡ, ಪ್ರಶ್ನೆ ಕೇಳಿದರೆ ಒಬ್ಬರೇ ಭಾಷಣ ಮಾಡುತ್ತಾರೆ. ಅಡಿಕೆ ಸುಲಿಯುವಾಗ ಫೋನನ್ನು ನಡುವೆ ಇಟ್ಟು ಸುಮ್ನೆ ಕೂತುಕೊಳ್ಳಿ. ಬರೆಯಲು ಐದು ನಿಮಿಷದ ತುಂಡು ಸಾಕು. ಬದಿಯಡ್ಕದ ಕಡೆ ಮಾತು ಹೀಗಿರುತ್ತದೆ:

ಅಜ್ಜ: ಈ ಮಳೆ ಹೀಗೇ ಹೊಡೆದ್ರೆ ಅಡಿಕೆಗೆ…
ಅಜ್ಜಿ: ಕೊಳೆರೋಗವೇ.
ಅಜ್ಜ: ಕೊಳೆರೋಗವೇ. ಮದ್ದು ಬಿಡ್ಲಿಕ್ಕೆ ಜನ…
ಅಜ್ಜಿ: ಸಿಗುದಿಲ್ಲ.
ಅಜ್ಜ: ಜನ ಸಿಗ್ತಾರೆ ಮಾರಾಯ್ತಿ, ಮರ ಹತ್ತುವವರಿಲ್ಲ.

ಇಲ್ಲಿ ಮುಖ್ಯವಾದದ್ದು ಮೂರನೆಯ ಸಾಲು. ಅಜ್ಜಿ ಮುಗಿಸಿದ ಮೇಲೆ ಅಜ್ಜ ಏನು ಮಾಡಿದರು? ಮೊದಲ ಸಲ ಅದೇ ಪದವನ್ನು ಮತ್ತೆ ಹೇಳಿ ಒಪ್ಪಿಕೊಂಡರು. ಎರಡನೆಯ ಸಲ ಒಪ್ಪಲಿಲ್ಲ, ತನ್ನದೇ ಕೊನೆ ಹಾಕಿದರು. ವಾಕ್ಯ ಯಾರದ್ದು ಅಂತ ತೀರ್ಮಾನ ಆಗುವುದೇ ಅಲ್ಲಿ. ಬರೆಯುವವರು ‘ಮತ್ತೆ ಅದನ್ನೇ ಹೇಳಿದರಲ್ಲ’ ಅಂತ ಆ ಸಾಲನ್ನೇ ಬಿಟ್ಟುಬಿಡುತ್ತಾರೆ!

ಅಜ್ಜಿ ಒಳಗೆ ಬಂದ ಜಾಗವನ್ನೂ ನೋಡಿ. ‘ಹೊಡೆದ್ರೆ’ ಅಂದ ಕೂಡಲೇ ಇನ್ನೊಂದು ಅರ್ಧ ಬಾಕಿ ಇದೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನ ಇಂಥ ವಾಕ್ಯಗಳ ಬಗ್ಗೆ ಮಾತುಕತೆಯ ಸಂಶೋಧಕ ಜೀನ್ ಲರ್ನರ್ 1991ರಲ್ಲಿ ಬರೆದರು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆ ಒಂದೇ ಪದವನ್ನು ಇನ್ನೊಬ್ಬರಿಗೆ ಬಿಡುವುದೂ ಸುಲಭ. ತುಳುವಿನಲ್ಲೂ ಹಾಗೇ, ಮಲಯಾಳದ ‘ಮಳ ಪೆಯ್ತಾಲ್’ (ಮಳೆ ಬಂದರೆ) ಎಂಬಲ್ಲೂ ಹಾಗೇ. ಹಾಗಾಗಿ ತುಳುವಿನಲ್ಲಿ ಶುರುವಾದದ್ದು ಕನ್ನಡದಲ್ಲಿ ಮುಗಿಯಬಹುದು. ಆಡಿದ ಭಾಷೆಯಲ್ಲೇ ಬರೆಯಿರಿ, ಎಲ್ಲವನ್ನೂ ಶುದ್ಧ ಕನ್ನಡ ಮಾಡಬೇಡಿ.

ಮಾತನ್ನು ಬರೆಯುವಾಗ ಹಾಕುವ ಗುರುತುಗಳಿಗೆ ಮಾತುಕತೆಯ ಸಂಶೋಧಕಿ ಗೇಲ್ ಜೆಫರ್ಸನ್ ರೂಪಿಸಿದ ಪದ್ಧತಿ ಸಾಕು. ಇಬ್ಬರೂ ಒಟ್ಟಿಗೆ ಮಾತಾಡಿದಲ್ಲಿ [ ಹಾಕಿ. ನಡುವೆ ಬಿಡುವೇ ಇಲ್ಲದಿದ್ದರೆ = ಹಾಕಿ. ಮೌನವನ್ನು ಸೆಕೆಂಡಿನಲ್ಲಿ ಬರೆಯಿರಿ: (0.4). ಕಂಪ್ಯೂಟರ್ ಇದ್ದರೆ ಉಚಿತವಾಗಿ ಸಿಗುವ ಈಲಾನ್ (ELAN) ತಂತ್ರಾಂಶದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಡಬಹುದು.

‘ಆ ಕುಂಬಳೆಯ… ಎಂಥದು…’ ಅಂತ ಹೆಸರು ಹುಡುಕುವುದು ಬೇರೆ ವಿಷಯ. ಆಗ ಕಣ್ಣು ನೋಡಬೇಕು. ನೋಟ ಎಲ್ಲೋ ಇದ್ದರೆ ಅವರೇ ಹುಡುಕುತ್ತಿದ್ದಾರೆ. ನಿಮ್ಮ ಕಡೆ ತಿರುಗಿದರೆ ಹೆಚ್ಚಾಗಿ ನಿಮ್ಮ ಸಹಾಯ ಬೇಕಾಗಿದೆ. ಇದಕ್ಕೆ ವಿಡಿಯೊ ಒಳ್ಳೆಯದು.

ಒಬ್ಬರು ಮುಗಿಸಿದ್ದನ್ನು ಇನ್ನೊಬ್ಬರು ಒಪ್ಪಿದರೋ ಇಲ್ಲವೋ ಅಂತ ನೋಡುವ ಅಭ್ಯಾಸ ರೆಕಾರ್ಡಿಂಗಿಗೆ ಮಾತ್ರ ಅಲ್ಲ. ಅಮೆರಿಕದ ಸಂಶೋಧಕ ಚಾರ್ಲ್ಸ್ ಗುಡ್‌ವಿನ್ ಒಬ್ಬರ ಮಾತುಕತೆಯನ್ನು ವರ್ಷಗಟ್ಟಲೆ ಗಮನಿಸಿದರು. ಮಿದುಳಿನ ಆಘಾತವಾದ ಮೇಲೆ ಆ ವ್ಯಕ್ತಿಗೆ ಉಳಿದದ್ದು ಮೂರೇ ಪದ: ಹೌದು, ಇಲ್ಲ, ಮತ್ತು. ಆದರೂ ಅವರು ಹೇಳಬೇಕಾದ್ದನ್ನು ಹೇಳುತ್ತಿದ್ದರು. ಮನೆಯವರು ಒಂದು ಊಹೆ ಮುಂದಿಡುತ್ತಿದ್ದರು, ಅವರು ಒಪ್ಪುತ್ತಿದ್ದರು ಅಥವಾ ತಳ್ಳಿಹಾಕುತ್ತಿದ್ದರು. ನಿಮ್ಮ ಮನೆಯಲ್ಲಿ ಮಾತು ಕಷ್ಟವಾದ ಹಿರಿಯರಿದ್ದರೆ ಹೀಗೇ ಮಾಡಿ. ವಾಕ್ಯದ ಕೊನೆಯನ್ನು ಪ್ರಶ್ನೆಯಂತೆ ಕೊಡಿ, ಆಮೇಲೆ ಕಾಯಿರಿ. ಅವರ ಹೌದು ಅಥವಾ ಅಲ್ಲ ಬರುವ ತನಕ ಮುಂದಿನ ಮಾತಿಗೆ ಹೋಗಬೇಡಿ.