ಮಾರುತಿ 800ರ ಮೀಟರಿಗೆ ಹೊಸ ಡಯಲ್: ಮುಳ್ಳು ಕೂರಿಸಿದ ಬಗೆ

ಮೀಟರಿನ ಡಯಲ್ ಬದಲಿಸುವ ಕೆಲಸದಲ್ಲಿ ಹೊಸ ಡಯಲ್ ಅಂಟಿಸುವುದು ಸುಲಭದ ಭಾಗ. ಅದಕ್ಕಾಗಿ ತೆಗೆದ ಮುಳ್ಳನ್ನು ಸರಿಯಾದ ಕೋನದಲ್ಲಿ ಮತ್ತೆ ಕೂರಿಸುವುದೇ ಕಷ್ಟ. ನನ್ನ ಹಳೆಯ ಮಾರುತಿ 800ರ ಡಯಲ್ ಬಿಸಿಲಿಗೆ ಮಾಸಿ, ರಾತ್ರಿ ಹೊತ್ತು ಅಂಕಿಗಳು ಕಾಣದಂತಾಗಿದ್ದರಿಂದ ಈ ಕೆಲಸಕ್ಕೆ ಕೈಹಾಕಿದೆ.

ಈ ಕಾರಿನ ಸ್ಪೀಡೋಮೀಟರ್ ಕೇಬಲ್‌ನಿಂದ ನಡೆಯುತ್ತದೆ. ಕೇಬಲ್ ತಿರುಗಿಸುವ ಅಯಸ್ಕಾಂತವು ತನಗೆ ತಾಗದಂತಿರುವ ಅಲ್ಯೂಮಿನಿಯಂ ಬಟ್ಟಲನ್ನು ತನ್ನೊಡನೆ ಎಳೆಯುತ್ತದೆ. ಮುಳ್ಳು ಕೂತಿರುವುದು ಈ ಬಟ್ಟಲಿನ ಕಡ್ಡಿಯ ಮೇಲೆ. ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆಳೆಯುತ್ತದೆ. ಮುಳ್ಳು ನಿಂತಿರುವಾಗ ಒಂದು ಸಣ್ಣ ಪಿನ್ನಿಗೆ ಒರಗಿರುತ್ತದೆ, ಆದರೆ ಸ್ಪ್ರಿಂಗಿನ ನಿಜವಾದ ಸೊನ್ನೆ ಇರುವುದು ಆ ಪಿನ್ನಿಗಿಂತ ಕೆಳಗೆ. ಇದನ್ನು ಗಮನಿಸದೆ ಮುಳ್ಳನ್ನು ಕಿತ್ತು, ಮತ್ತೆ ಪಿನ್ನಿನ ಪಕ್ಕದಲ್ಲೇ ಒತ್ತಿ ಕೂರಿಸಿದರೆ ಎಲ್ಲ ವೇಗದಲ್ಲೂ ಮೀಟರ್ ತಪ್ಪು ತೋರಿಸುತ್ತದೆ. ಆದ್ದರಿಂದ ಬ್ಯಾಟರಿಯ ಟರ್ಮಿನಲ್ ಕಳಚಿ, ಕೇಬಲ್ ಬಿಡಿಸಿ, ಮೀಟರನ್ನು ಮೇಜಿನ ಮೇಲಿಟ್ಟ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ, ಮುಳ್ಳನ್ನು ಮೆಲ್ಲಗೆ ಎತ್ತಿ ಪಿನ್ ದಾಟಿಸಿ, ಅದು ತಾನಾಗಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮೀಟರಿನ ಅಂಚಿಗೆ ಅಂಟಿಸಿದ ಟೇಪಿನ ಮೇಲೆ ಪೆನ್ಸಿಲ್ ಗುರುತು ಹಾಕಿದ್ದು. ಆಮೇಲೆ ಡಯಲ್ ಮೇಲೆ ಬಟ್ಟೆ ಹಾಸಿ, ಎರಡು ಚಮಚಗಳನ್ನು ಮುಳ್ಳಿನ ಬುಡದ ಎರಡು ಬದಿಗೆ ಕೊಟ್ಟು ನೇರವಾಗಿ ಮೇಲಕ್ಕೆತ್ತಿದೆ. ಓರೆಯಾಗಿ ಎಳೆದರೆ ಸ್ಪ್ರಿಂಗ್ ಕೆಡುತ್ತದೆ, ಅದಕ್ಕೆ ಮದ್ದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿದ್ಧ ಬಿಳಿ ಸ್ಟಿಕ್ಕರುಗಳನ್ನು ನೋಡಿದ್ದೆ. ಅಂದವೇನೋ ಇತ್ತು, ಆದರೆ ಗೆರೆಗಳ ನಡುವಿನ ಅಂತರ ಮೂಲ ಡಯಲ್‌ಗೆ ಹೊಂದಲಿಲ್ಲ, ಹೊಂದದಿದ್ದರೆ ಅದು ಬರೀ ಅಲಂಕಾರ. ಹೀಗಾಗಿ ಹಳೆಯ ಡಯಲನ್ನೇ ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆಗಳನ್ನು ಹೊಸದಾಗಿ ಬರೆದು, ತೆಳು ಫಿಲ್ಮಿನ ಮೇಲೆ ಮುದ್ರಿಸಿದೆ. ಪುಟದ ಅಳತೆಗೆ ತಾನೇ ಹೊಂದಿಸಿಕೊಳ್ಳುವ ಪ್ರಿಂಟರಿನ ಚಾಳಿಯನ್ನು ಮೊದಲೇ ನಿಲ್ಲಿಸಿ, ಕಾಗದದ ಮೇಲೆ ತೆಗೆದ ಒಂದು ಪ್ರತಿಯನ್ನು ಹಳೆಯ ಡಯಲ್ ಮೇಲಿಟ್ಟು ಬೆಳಕಿಗೆ ಹಿಡಿದು ತಾಳೆ ನೋಡಬೇಕು. ಲೇಸರ್ ಪ್ರಿಂಟರಿನ ಕಪ್ಪು ಒಂದೇ ಪದರದಲ್ಲಿ ಹಿಂದಿನ ಬಲ್ಬಿನ ಬೆಳಕನ್ನು ತಡೆಯುವುದಿಲ್ಲ; ಎರಡು ಪದರ ಬೇಕಾಯಿತು.

ಹೊಸ ಡಯಲ್ ಕೂರಿಸಿ, ಮುಳ್ಳನ್ನು ಪೆನ್ಸಿಲ್ ಗುರುತಿಗೆ ನೇರವಾಗಿ ಹಗುರವಾಗಿ ಸಿಕ್ಕಿಸಿ, ಪಿನ್ನಿನ ಮೇಲಕ್ಕೆ ದಾಟಿಸಿದ ಮೇಲೆ ಪರೀಕ್ಷೆ. ಜಪಾನಿ ಮಾನಕದ ಮೀಟರುಗಳಲ್ಲಿ ಕೇಬಲ್ 637 ಸುತ್ತು ತಿರುಗಿದರೆ ಒಂದು ಕಿಲೋಮೀಟರ್ ಎಂದು ಲೆಕ್ಕ. ಅಂದರೆ ನಿಮಿಷಕ್ಕೆ 637 ಸುತ್ತಿಗೆ ಮುಳ್ಳು 60ರ ಗೆರೆಯ ಮೇಲಿರಬೇಕು. 425 ಸುತ್ತಿಗೆ 40, 849 ಸುತ್ತಿಗೆ 80. ಹಳೆಯ ಕೇಬಲ್‌ನ ಚೌಕ ತುದಿಯ ತುಂಡೊಂದನ್ನು ವೇಗ ಹೊಂದಿಸಬಹುದಾದ ಡ್ರಿಲ್ಲಿಗೆ ಕಚ್ಚಿಸಿ, ಡ್ರಿಲ್ಲಿನ ಸುತ್ತನ್ನು ಬೆಳಕಿನ ಟ್ಯಾಕೋಮೀಟರಿನಿಂದ ಅಳೆದೆ. ಕಿಲೋಮೀಟರ್ ಅಂಕಿ ಹಲ್ಲುಚಕ್ರಗಳಿಂದ ನೇರವಾಗಿ ಚಲಿಸುವುದರಿಂದ 637ರ ಲೆಕ್ಕ ನಮ್ಮ ಮೀಟರಿಗೆ ಒಪ್ಪುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬಹುದು. ಈ ಪರೀಕ್ಷೆಯಲ್ಲಿ ಏರಿದ ಕಿಲೋಮೀಟರುಗಳನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಡ್ರಿಲ್ಲನ್ನು ಹಿಂದಕ್ಕೆ ತಿರುಗಿಸಿ ಇಳಿಸುವ ಆಸೆ ಯಾರಿಗೂ ಬೇಡ.

ಇಲ್ಲಿ ತಪ್ಪಿನ ಜಾತಿ ಗುರುತಿಸುವುದು ಮುಖ್ಯ. 40, 60, 80 ಮೂರರಲ್ಲೂ ಒಂದೇ ಅಳತೆಯ ವ್ಯತ್ಯಾಸ ಬಂದರೆ ಮುಳ್ಳು ಕೂತ ಕೋನ ತಪ್ಪಿದೆ, ಕಿತ್ತು ಮತ್ತೆ ಕೂರಿಸಬೇಕು. ವೇಗದೊಂದಿಗೆ ವ್ಯತ್ಯಾಸವೂ ಬೆಳೆಯುತ್ತಿದ್ದರೆ ಮುಳ್ಳಿನದೇನೂ ತಪ್ಪಿಲ್ಲ. ಅಯಸ್ಕಾಂತ, ಸ್ಪ್ರಿಂಗ್ ಅಥವಾ ಟೈರಿನ ಸುತ್ತಳತೆಯ ಕಡೆ ನೋಡಬೇಕು. ಮೇಜಿನ ಮೇಲೆ ನನ್ನ ಮುಳ್ಳು ಗೆರೆಗಳ ಮೇಲೇ ನಿಂತಿತು. ಬಳಿಕ ನೆಲಮಂಗಲ–ಕುಣಿಗಲ್ ರಸ್ತೆಯ ಸಮತಟ್ಟಾದ ಕಡೆ, ಗೆಳೆಯ ಪಕ್ಕದಲ್ಲಿ ಕೂತು ಫೋನಿನ ಜಿಪಿಎಸ್ ಓದುತ್ತಿರಲು, ಪ್ರತಿ ವೇಗವನ್ನೂ ಸ್ವಲ್ಪ ಹೊತ್ತು ಏರಿಳಿತವಿಲ್ಲದೆ ಹಿಡಿದೆ. ಜಿಪಿಎಸ್ ತುಸು ತಡವಾಗಿ ಹೇಳುವುದರಿಂದ ಇದು ಅಗತ್ಯ. ನಿಜ ವೇಗ 40 ಇದ್ದಾಗ ಮೀಟರ್ 42, 60ಕ್ಕೆ 63, 80ಕ್ಕೆ 84 ತೋರಿಸಿತು. ಮೇಜಿನ ಮೇಲೆ ಸರಿಯಿದ್ದು ರಸ್ತೆಯಲ್ಲಿ ಇದೇ ಅನುಪಾತದಲ್ಲಿ ಹೆಚ್ಚು ತೋರಿಸುವುದೆಂದರೆ, ಸವೆದ ಟೈರು ಒಂದು ಕಿಲೋಮೀಟರಿಗೆ ಹೆಚ್ಚು ಸುತ್ತುತ್ತಿದೆ, ಉಳಿದದ್ದು ಕಾರ್ಖಾನೆಯವರೇ ಬಿಟ್ಟ ಎಚ್ಚರಿಕೆಯ ಅಂತರವಿರಬಹುದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಹೆಚ್ಚು ತೋರಿಸಿದರೂ ನಿಜ ವೇಗದ ಹತ್ತನೇ ಒಂದು ಭಾಗಕ್ಕೆ ಗಂಟೆಗೆ 4 ಕಿ.ಮೀ. ಸೇರಿಸಿದಷ್ಟನ್ನು ಮೀರಬಾರದು. ಹಾಗಾಗಿ ಸ್ಪ್ರಿಂಗನ್ನು ಮುಟ್ಟಲಿಲ್ಲ.

ಪೆಟ್ರೋಲಿನ ಮುಳ್ಳಿಗೆ ಇಷ್ಟು ಪಾಡಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ ತೇಲುತ್ತ ವಿದ್ಯುತ್ ರೋಧವನ್ನು ಬದಲಿಸುವ ಫ್ಲೋಟ್ ಪೂರ್ತಿ ಕೆಳಗೆ ಮತ್ತು ಪೂರ್ತಿ ಮೇಲೆ ಇದ್ದಾಗಿನ ಓಮ್ ಅಳತೆಯನ್ನು ಮಲ್ಟಿಮೀಟರಿನಿಂದ ತೆಗೆದುಕೊಂಡು, ಅದೇ ಬೆಲೆಯ ರೆಸಿಸ್ಟರುಗಳನ್ನು ಮೇಜಿನ ಮೇಲೆ ಮೀಟರಿಗೆ ಜೋಡಿಸಿ, 12 ವೋಲ್ಟ್ ಕೊಟ್ಟು, ಮುಳ್ಳು ನಿಧಾನವಾಗಿ ಏರಿ ನಿಲ್ಲುವವರೆಗೆ ಕಾದು ಕೂರಿಸಿದೆ. ಎರಡೂ ತುದಿ ಒಟ್ಟಿಗೆ ಕೂಡಿಬರದಿದ್ದಲ್ಲಿ ನಾನು ಖಾಲಿಯ ಗೆರೆಯನ್ನೇ ಆರಿಸುತ್ತೇನೆ. ತುಂಬಿದ ಟ್ಯಾಂಕ್ ತುಸು ಕಡಿಮೆ ತೋರಿಸಿದರೆ ಯಾರೂ ದಾರಿಯಲ್ಲಿ ನಿಲ್ಲುವುದಿಲ್ಲ.